ಊರೊಟ್ಟಿನ ದೀಪ

ಶೆಟ್ಟಿಹಳ್ಳಿಯ ಹೆಸರಿನಲ್ಲಿ ಹಳ್ಳಿ ಇನ್ನೂ ಉಳಿದಿದೆ. ನೆಲದ ಮೇಲೆ ಉಳಿದಿಲ್ಲ. ತುಮಕೂರು ನಗರವು ಬೆಳೆಯುತ್ತ ಬಂದಂತೆಲ್ಲ ತನ್ನ ಸುತ್ತಣ ಹಳ್ಳಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಿತು. ಹಾಗೆ ಸೇರಿಹೋದ ಊರುಗಳಲ್ಲಿ ನಮ್ಮದೂ ಒಂದು. ಇದೇ ಹೆಸರಿನ ಊರುಗಳು ಗುಬ್ಬಿಯ ಕಡೆಯೂ ಉಂಟು, ಕುಣಿಗಲ್ ಕಡೆಯೂ ಉಂಟು. ಆ ಸೀಮೆಯವರು ತಮ್ಮ ಊರಿನ ಗುರುತು ಹೇಳುವಾಗ ಕೆರೆಯನ್ನೋ ತೋಟವನ್ನೋ ಹೆಸರಿಸುತ್ತಾರೆ. ನಾವು ಬಸ್ಸಿನ ನಿಲ್ದಾಣವನ್ನೂ ಅಂಗಡಿಯ ಸಾಲನ್ನೂ ಹೆಸರಿಸುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಊರು ಬೆಳೆದರೆ ಗುರುತುಗಳು ಬದಲಾಗುವುದು ಸಹಜವೇ.

ನಿವೃತ್ತನಾದ ಮೇಷ್ಟ್ರಿಗೆ ಹೊತ್ತು ಧಾರಾಳ. ಆದರೆ ಪ್ರಶ್ನೆ ಕೇಳುವ ಹಳೆಯ ಚಾಳಿ ಮಾತ್ರ ನೌಕರಿಯೊಡನೆ ನಿವೃತ್ತವಾಗುವುದಿಲ್ಲ. ನಮ್ಮ ಬೀದಿಯ ಮಕ್ಕಳು ಕೈಗೆ ಸಿಕ್ಕಿದಾಗಲೆಲ್ಲ ನಾನು ಅವರಿಗೆ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ? ನಿಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ? ಮೊದಲನೆಯದಕ್ಕೆ "ಟ್ಯಾಂಕಿನಿಂದ" ಎಂಬ ಉತ್ತರ ಬರುತ್ತದೆ; ಎರಡನೆಯದಕ್ಕೆ "ಗಾಡಿಗೆ" ಎಂಬ ಉತ್ತರ. ಎರಡೂ ಸುಳ್ಳಲ್ಲ. ಆದರೆ ಎರಡೂ ಅರ್ಧದಾರಿಯಲ್ಲಿ ನಿಂತ ಉತ್ತರಗಳು. ಟ್ಯಾಂಕಿನ ಹಿಂದೆ ಬುಗುಡನಹಳ್ಳಿಯ ಜಲಾಶಯವಿದೆ. ಅದರ ಹಿಂದೆ ಉದ್ದವಾದ ನಾಲೆಯಿದೆ. ಅದರಾಚೆ ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟು ಇದೆ. ಅದಕ್ಕೂ ಆಚೆ ಪಶ್ಚಿಮಘಟ್ಟದ ಮಳೆಯಿದೆ. ನಮ್ಮ ಮನೆಯ ಒಂದು ಚೊಂಬು ನೀರು ಅಷ್ಟು ದೂರದ ನಂಟನ್ನು ಹೊತ್ತು ತಂದಿರುತ್ತದೆ. ಅದನ್ನು ನಾವು ಒಂದು ಕ್ಷಣದಲ್ಲಿ ಚರಂಡಿಗೆ ಚೆಲ್ಲುತ್ತೇವೆ.

ಬಂದುದು ಎಲ್ಲಿಂದ, ಹೋದುದು ಎಲ್ಲಿಗೆ ಎಂಬ ಈ ಲೆಕ್ಕವನ್ನು ನಮ್ಮ ಹಿರಿಯರು ಪುಸ್ತಕದಲ್ಲಿ ಬರೆದಿಡಲಿಲ್ಲ, ಬದುಕಿನಲ್ಲಿ ಬರೆದಿಟ್ಟಿದ್ದರು. ತುಮಕೂರು ಸೀಮೆಯ ಯಾವ ಮನೆಯಲ್ಲಾದರೂ ತೆಂಗಿನ ಮರವೊಂದರ ಲೆಕ್ಕವನ್ನು ನೋಡಿದರೆ ಇದು ತಿಳಿಯುತ್ತಿತ್ತು. ಕಾಯಿ ಅಡುಗೆಗೆ, ಕೊಬ್ಬರಿ ತಿಪಟೂರಿನ ಸಂತೆಗೆ, ಹಿಂಡಿ ದನಕ್ಕೆ, ಚಿಪ್ಪು ಒಲೆಗೆ, ನಾರು ಹಗ್ಗಕ್ಕೆ ಮತ್ತು ಪಾತ್ರೆ ಉಜ್ಜುವುದಕ್ಕೆ, ಗರಿ ಚಪ್ಪರಕ್ಕೆ, ಗರಿಯ ಕಡ್ಡಿ ಪೊರಕೆಗೆ. ಒಲೆಯ ಬೂದಿ ಮತ್ತೆ ಪಾತ್ರೆಗೆ. ಪಾತ್ರೆಯ ಮುಸುರೆ ನೀರು ಕಲಗಚ್ಚಾಗಿ ಹಸುವಿಗೆ. ಹಸುವಿನ ಸಗಣಿ ತಿಪ್ಪೆಗೆ. ತಿಪ್ಪೆಯ ಗೊಬ್ಬರ ಹೊಲಕ್ಕೆ. ಕೊನೆಗೆ ಕಸವೆಂದು ಎಸೆಯುವುದಕ್ಕೆ ಉಳಿಯುತ್ತಿದ್ದುದೇ ಅತ್ಯಲ್ಪ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡುಮಣ್ಣನ್ನು ಗಾಡಿಗಳಲ್ಲಿ ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಸಾರ ದೊರೆಯುತ್ತಿತ್ತು. ಕೆರೆಗೆ ಆಳ ದೊರೆಯುತ್ತಿತ್ತು. ಒಂದೇ ದುಡಿಮೆಗೆ ಎರಡು ಕೂಲಿ!

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲವೂ ಹೊನ್ನೆಂದು ನಾನು ಹೇಳಲಾರೆ. ಹಳೆಯ ಅಡುಗೆಮನೆಯ ಹೊಗೆಯಲ್ಲಿ ಎಷ್ಟು ತಾಯಂದಿರ ಕಣ್ಣು ಮಂಜಾದುವೊ! ನೀರಿನ ಕೊಡ ಹೊತ್ತು ಎಷ್ಟು ಹೆಣ್ಣುಮಕ್ಕಳ ನಡು ಸೋತಿತೊ! ಊರ ಬಾವಿಯ ನೀರು ಊರಿನ ಎಲ್ಲರಿಗೂ ಸಮನಾಗಿ ಸಿಗುತ್ತಿರಲಿಲ್ಲವೆಂಬುದು ಇನ್ನೂ ನೋವಿನ ಮಾತು. ಆದ್ದರಿಂದ ಹಿಂದಕ್ಕೆ ಹೋಗುವುದು ನಮ್ಮ ಗುರಿಯಾಗಲಾರದು. ಹಿಂದಿನವರ ಲೆಕ್ಕವನ್ನು ಇಟ್ಟುಕೊಂಡು ಅವರ ಕಷ್ಟವನ್ನು ಬಿಡುವ ದಾರಿ ಉಂಟೆ ಎಂಬುದು ಪ್ರಶ್ನೆ. ನೆಲ, ನೀರು, ಉರುವಲುಗಳನ್ನು ಮುಂದಿನವರಿಗೂ ಉಳಿಯುವಂತೆ ಬಳಸುವ ಬಾಳಿಗೆ ಈಗ 'ಸುಸ್ಥಿರ ಬದುಕು' ಎಂಬ ಹೆಸರು ಬಂದಿದೆ. ಹೆಸರು ಹೊಸದು. ಅದರ ಒಂದು ಒಳ್ಳೆಯ ಪ್ರಯೋಗ ಮಾತ್ರ ಬಹಳ ಹಿಂದೆಯೇ ನಮ್ಮ ಜಿಲ್ಲೆಯಲ್ಲಿ, ಕುಣಿಗಲ್ ತಾಲ್ಲೂಕಿನಲ್ಲಿ ನಡೆಯಿತು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ವಿಭಾಗವೊಂದು ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನಗಳನ್ನು ಗ್ರಾಮಗಳಿಗೆ ಅನ್ವಯಿಸುವುದು ಎಂಬುದು ಅದರ ಇಂಗ್ಲಿಷ್ ಹೆಸರಿನ ಅರ್ಥ. ಆ ಹೆಸರಿನ ಮೊದಲಕ್ಷರಗಳು ಕೂಡಿ ನಮ್ಮ 'ಅಸ್ತ್ರ' ಆಯಿತು. ಅದನ್ನು ಕಟ್ಟಿದವರು ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ ಅವರು. ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಜಗತ್ತೇ ಓದುವ ಗ್ರಂಥವನ್ನು ಬರೆದವರಲ್ಲಿ ಒಬ್ಬರು. ಅಂಥವರು ಪ್ರಯೋಗಶಾಲೆಯಿಂದ ಹೊರಬಂದು ಹಳ್ಳಿಯ ಒಲೆಯ ಮುಂದೆ ಕುಳಿತು, ಇದರ ಶಾಖವೆಲ್ಲ ಎಲ್ಲಿ ಸೋರಿಹೋಗುತ್ತಿದೆ ಎಂದು ಕೇಳಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ತೆರೆಯಿತು.

ಅಲ್ಲಿಗೆ ಬಂದವರು ಮೊದಲು ಉಪದೇಶ ಮಾಡಲಿಲ್ಲ, ಎಣಿಸಿದರು. ಯಾವ ಮನೆಗೆ ಎಷ್ಟು ಸೌದೆ ಬೇಕು, ಅದನ್ನು ಯಾರು ತರುತ್ತಾರೆ, ನೀರಿಗೆಷ್ಟು ಹೊತ್ತು, ದನ ಮೇಯಿಸುವುದಕ್ಕೆಷ್ಟು ಹೊತ್ತು ಎಂದು ಸುತ್ತಣ ಹಳ್ಳಿಗಳಲ್ಲಿ ಲೆಕ್ಕ ಹಾಕಿದರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯಿಂದಲೇ ಬರುತ್ತದೆ, ಆ ಸೌದೆಯನ್ನು ಕೂಡಿಸುವ ದುಡಿಮೆ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಹೆಗಲಿನ ಮೇಲಿದೆ ಎಂಬುದು ಅಂಕಿಗಳಲ್ಲಿ ಕಂಡಿತು. ಕಂಡದ್ದರ ಫಲವಾಗಿ 'ಅಸ್ತ್ರ ಒಲೆ' ರೂಪುಗೊಂಡಿತು. ಅದಕ್ಕೆ ಹೊಗೆಕೊಳವೆಯುಂಟು, ಒಂದೇ ಉರಿಯಲ್ಲಿ ಮೂರು ಪಾತ್ರೆಗಳು ಕಾಯುತ್ತವೆ, ಸೌದೆ ಕಡಿಮೆ ಸಾಕು. ಸುಡದ ಮಣ್ಣಿನ ಇಟ್ಟಿಗೆಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಭದ್ರವಾದ ಗೋಡೆ ಕಟ್ಟುವ ವಿಧಾನವನ್ನೂ ಆ ವಿಭಾಗದವರು ಬೆಳೆಸಿದರು. ಇಟ್ಟಿಗೆಯ ಗೂಡಿಗೆ ಸೌದೆ ಬೇಡವಾದರೆ ಎಷ್ಟು ಮರ ಉಳಿಯಿತೆಂದು ನೀವೇ ಊಹಿಸಿ.

ಉಂಗ್ರದ ಹತ್ತಿರ ಪುರ ಎಂಬ ಪುಟ್ಟ ಊರಿದೆ. ಅಲ್ಲಿ ಇಡೀ ಊರಿಗೆ ಒಂದು ಗೋಬರ್ ಅನಿಲ ಸ್ಥಾವರವನ್ನು ಕಟ್ಟುವ ಪ್ರಯತ್ನ ನಡೆಯಿತು. ಸಗಣಿಯನ್ನು ನೀರಿನಲ್ಲಿ ಕದಡಿ ಗಾಳಿಯಾಡದ ಬಾವಿಯಲ್ಲಿ ಬಿಟ್ಟರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿ ಅನಿಲವನ್ನು ಬಿಡುಗಡೆ ಮಾಡುತ್ತವೆ. ಆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಉರಿಯಬಲ್ಲ ಮೀಥೇನ್. ಅನಿಲ ಹೋದ ಮೇಲೆ ಉಳಿಯುವ ರಾಡಿಯಲ್ಲಿ ಗೊಬ್ಬರದ ಸಾರ ಹಾಗೆಯೇ ಇರುತ್ತದೆ. ಇದನ್ನು ಉಪಯೋಗಿಸಿ ಎಲ್ಲ ಮನೆಗಳಿಗೂ ಅಡುಗೆಯ ಅನಿಲ ಕೊಡಬೇಕೆಂಬುದು ಮೊದಲ ಯೋಜನೆ. ಅದು ನಡೆಯಲಿಲ್ಲ. ಊರಿನ ಸಗಣಿಯನ್ನೆಲ್ಲ ಕೂಡಿಸಿದರೂ ಊರಿನ ಅಡುಗೆಗೆ ಸಾಲುವಷ್ಟು ಅನಿಲ ದೊರೆಯಲಿಲ್ಲ.

ಪ್ರಯೋಗಗಳ ಕಥೆಗಳು ಅನೇಕ ವೇಳೆ ಇಲ್ಲಿಗೇ ಮುಗಿಯುತ್ತವೆ. ತುಕ್ಕು ಹಿಡಿದ ಯಂತ್ರವೊಂದು ಊರ ಹೊರಗೆ ಉಳಿಯುತ್ತದೆ. ಪುರದಲ್ಲಿ ಹಾಗಾಗಲಿಲ್ಲ. ಸೌದೆಯನ್ನು ಹೇಗೋ ಆರಿಸಿ ತರಬಹುದು, ನಮಗೆ ಬೇಕಾದುದು ನೀರು ಮತ್ತು ಬೆಳಕು ಎಂಬುದು ಊರಿನವರ ಮಾತಿನಿಂದ ಸ್ಪಷ್ಟವಾಯಿತು. ಆಗ ಕೆಲವು ಮನೆಗಳಲ್ಲಿ ಸೀಮೆಎಣ್ಣೆಯ ಬುಡ್ಡಿ. ತಂತಿ ಬಂದಿದ್ದ ಮನೆಗಳಲ್ಲಿಯೂ ಇದ್ದೂ ಇಲ್ಲದಂಥ ಮಿಣುಕು ವಿದ್ಯುತ್ತು. ವಿಜ್ಞಾನಿಗಳು ತಮ್ಮ ಯೋಜನೆಯನ್ನು ಬದಲಿಸಿದರು. 1987ರಲ್ಲಿ ಆ ಅನಿಲದೊಡನೆ ಸ್ವಲ್ಪ ಡೀಸೆಲ್ ಸೇರಿಸಿ ಓಡುವ ಚಿಕ್ಕ ಎಂಜಿನ್ನಿನಿಂದ ವಿದ್ಯುತ್ತು ತಯಾರಾಗತೊಡಗಿತು. ಕೊಳವೆ ಬಾವಿಯ ನೀರು ಮೇಲೆ ಬಂದು ನಲ್ಲಿಗಳಲ್ಲಿ ಹರಿಯಿತು. ಸಂಜೆಯ ಹೊತ್ತು ಮನೆಗಳಲ್ಲಿ ಟ್ಯೂಬ್ ಲೈಟು ಹತ್ತಿತು.

ಆ ವರ್ಷಗಳಲ್ಲಿ ನಾನು ಇದೇ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಹೊಸ ಅಧ್ಯಾಪಕ. ಪುರದ ಸುದ್ದಿ ನಮ್ಮ ಅಧ್ಯಾಪಕರ ಕೊಠಡಿಗೂ ಬಂದಿತ್ತು. "ಸಗಣಿಯಿಂದ ದೀಪವೇ, ಸ್ವಾಮಿ? ನಾಳೆ ಗಂಜಲದಿಂದ ಬಸ್ಸು ಓಡಿಸುತ್ತಾರೇನೋ!" ಎಂದು ಹಿರಿಯ ಅಧ್ಯಾಪಕರೊಬ್ಬರು ನಕ್ಕರು. ಎಲ್ಲರೂ ನಕ್ಕೆವು. ನಮ್ಮ ವಿಜ್ಞಾನದ ಮೇಷ್ಟ್ರು ಮಾತ್ರ ನಗಲಿಲ್ಲ. "ಸಗಣಿಯಿಂದ ದೀಪ ಹತ್ತುವುದು ಸುಲಭ, ಅದು ರಸಾಯನಶಾಸ್ತ್ರ. ಊರಿನ ಎಲ್ಲ ಮನೆಯವರೂ ದಿನವೂ ಸಗಣಿ ತಂದು ಹಾಕುವುದಿದೆಯಲ್ಲ, ಅದು ಕಷ್ಟ" ಎಂದರು. ಅವರ ಮಾತಿನ ತೂಕ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಹಾಗಾದರೆ ಪುರದ ಜನ ಆ ಕಷ್ಟವನ್ನು ಹೇಗೆ ಗೆದ್ದರು? ಊರಿನವರದೇ ಆದ ಸಭೆಯೊಂದು ಆಡಳಿತವನ್ನು ನೋಡಿಕೊಂಡಿತು. ಸ್ಥಾವರವನ್ನು ನಡೆಸುವ ಕೆಲಸ ಊರಿನ ಯುವಕರಿಗೇ ದೊರೆಯಿತು. ಮನೆಯವರು ತಂದ ಸಗಣಿಯನ್ನು ತೂಗಿ ಲೆಕ್ಕ ಬರೆದುಕೊಳ್ಳುತ್ತಿದ್ದರು. ಅನಿಲ ತೆಗೆದ ಮೇಲಿನ ಗೊಬ್ಬರವನ್ನು ಅದೇ ಲೆಕ್ಕದ ಮೇಲೆ ಅವರವರಿಗೆ ಹಿಂದಿರುಗಿಸುತ್ತಿದ್ದರು. ಆದ್ದರಿಂದ ಸಗಣಿ ಕೊಟ್ಟವನು ಗೊಬ್ಬರ ಕಳೆದುಕೊಳ್ಳಲಿಲ್ಲ. ಹೊತ್ತು ತಂದ ಶ್ರಮಕ್ಕೆಂದು ಕಿಲೋವಿಗೆ ಕೆಲವು ಪೈಸೆಗಳನ್ನೂ ಕೊಡುತ್ತಿದ್ದರು. ಹಾಗೆ ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಅದು ಅವರ ಕೈಗೇ ಬರುವ ಹಣವಾಗಿತ್ತು. ಇನ್ನು ಸಗಣಿ ತರುವವರೇ ಇಲ್ಲದೆ ಹೋದರೆ? ಅನಿಲವಿಲ್ಲ, ಅನಿಲವಿಲ್ಲದಿದ್ದರೆ ನಲ್ಲಿಯಲ್ಲಿ ನೀರಿಲ್ಲ, ಮನೆಯಲ್ಲಿ ಬೆಳಕಿಲ್ಲ. ತಪ್ಪಿದವನ ಮನೆಯೂ ಆ ಕತ್ತಲೆಯೊಳಗೇ ಸೇರಿತ್ತು.

ಇದು ಚಿಕ್ಕ ವಿಷಯವೆಂದು ತಿಳಿಯಬೇಡಿ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿಯೊಬ್ಬರು ಎಲ್ಲರಿಗೂ ಸೇರಿದ ಸೊತ್ತು ಹಾಳಾಗುವುದು ಖಂಡಿತವೆಂದು ವಾದಿಸಿದರು. ಗೋಮಾಳ ಎಲ್ಲರದು, ಒಂದು ಹಸುವನ್ನು ಹೆಚ್ಚಾಗಿ ಬಿಟ್ಟವನಿಗೆ ಲಾಭ ಪೂರ್ತಿ, ನಷ್ಟ ಮಾತ್ರ ಎಲ್ಲರಿಗೂ ಹಂಚಿಕೆ, ಆದ್ದರಿಂದ ಪ್ರತಿಯೊಬ್ಬನೂ ಹೆಚ್ಚು ಹೆಚ್ಚಾಗಿ ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎಂಬುದು ಅವರ ತರ್ಕ. ತರ್ಕ ಹರಿತವಾಗಿಯೇ ಇದೆ. ಆದರೆ ಎಲಿನರ್ ಆಸ್ಟ್ರಮ್ ಎಂಬ ವಿದುಷಿ ಜಗತ್ತಿನ ಹಲವು ಕಡೆಯ ಗೋಮಾಳ, ಕಾಡು, ನೀರಾವರಿ, ಮೀನುಗಾರಿಕೆಗಳನ್ನು ಅಭ್ಯಾಸ ಮಾಡಿ, ಬಳಸುವವರೇ ಕೂಡಿ ಕಟ್ಟಳೆ ಮಾಡಿಕೊಂಡ ಕಡೆಗಳಲ್ಲಿ ಸಾಮಾನ್ಯ ಸೊತ್ತು ತಲೆತಲಾಂತರ ಉಳಿದುಬಂದಿದೆಯೆಂದು ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಅದನ್ನು ಪಡೆದ ಮೊದಲ ಮಹಿಳೆ ಅವರು. ಪುರದ ಅನುಭವವನ್ನು ಕುರಿತು ಬರೆಯುವಾಗ ರೆಡ್ಡಿಯವರೂ ಹಾರ್ಡಿನ್ನರ ವಾದಕ್ಕೆ ಉತ್ತರ ಹೇಳಿದರು. ಒಬ್ಬನ ಹಿತವೂ ಊರಿನ ಹಿತವೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿರುವಂತೆ ಏರ್ಪಾಡು ಮಾಡಿದರೆ ಸಾಮಾನ್ಯ ಸೊತ್ತು ಶಾಪವಾಗದೆ ವರವಾಗುತ್ತದೆ ಎಂಬುದು ಅವರ ಉತ್ತರದ ತಿರುಳು.

ನಮ್ಮ ನಾಡಿಗೆ ಈ ಮಾತು ಅಪರಿಚಿತವಲ್ಲ. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಯನ್ನೂ ಬೆಳೆಯ ಪಾಲನ್ನೂ ನಮ್ಮ ಶಾಸನಗಳು 'ಬಿತ್ತುವಟ್ಟ', 'ದಸವಂದ', 'ಕಟ್ಟುಕೊಡಗೆ' ಎಂಬ ಹೆಸರುಗಳಿಂದ ಕರೆದಿವೆ. ತೂಬನ್ನು ಎತ್ತಿ, ಸರದಿಯ ಮೇಲೆ ಗದ್ದೆಗಳಿಗೆ ನೀರು ಹಾಯಿಸಲು ನೀರುಗಂಟಿ ಇರುತ್ತಿದ್ದ. ಕೆರೆಯ ಏರಿ ಒಡೆದರೆ ಅಚ್ಚುಕಟ್ಟಿನ ಎಲ್ಲರ ಪೈರೂ ಹೋಗುತ್ತದೆಂಬ ಅರಿವು ಮನೆಗೊಂದು ಆಳನ್ನು ಏರಿಯ ಮೇಲೆ ತಂದು ನಿಲ್ಲಿಸುತ್ತಿತ್ತು. ಮೈಸೂರು ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟ, ಅಷ್ಟು ಸಂಪೂರ್ಣವಾಗಿ ಇಲ್ಲಿಯವರು ಕೆರೆ ಕಟ್ಟಿದ್ದಾರೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಬೆರಗುಪಟ್ಟಿದ್ದರು. ಕಟ್ಟಿದವರು ಅರಸರೋ ಸಾಮಂತರೋ ಇರಬಹುದು. ಶತಮಾನಗಳ ಕಾಲ ಉಳಿಸಿದವರು ಮಾತ್ರ ಊರಿನವರು.

ಪುರದ ಆ ಸ್ಥಾವರ ಹಲವು ವರ್ಷ ನಡೆದು ಕಾಲಾಂತರದಲ್ಲಿ ನಿಂತಿತು. ನಿಂತುಹೋದುದನ್ನು ಹೊಗಳುವುದೇಕೆಂದು ನೀವು ಕೇಳಬಹುದು. ಗಣಿತದಲ್ಲಿ ಒಂದು ಲೆಕ್ಕವನ್ನು ಬಿಡಿಸಿದ ಮೇಲೆ ಹಲಗೆಯನ್ನು ಒರೆಸುತ್ತೇವೆ; ಒರೆಸಿದ ಮಾತ್ರಕ್ಕೆ ಲೆಕ್ಕ ತಪ್ಪಾಗುವುದಿಲ್ಲ. ಆ ಲೆಕ್ಕವನ್ನು ನಮ್ಮ ಬೀದಿಗೆ ಹಾಕಿ ನೋಡುವ ಸಂದರ್ಭ ನನಗೂ ಒದಗಿತು.

ನಮ್ಮ ಎದುರು ಮನೆಗೆ ಗುಬ್ಬಿಯ ಕಡೆಯ ಹಳ್ಳಿಯಿಂದ ಬಂದು ಮಗನೊಡನೆ ನೆಲೆಸಿರುವ ಒಬ್ಬ ಅಜ್ಜಿ ಒಮ್ಮೆ, "ಮೇಷ್ಟ್ರೇ, ನಮ್ಮೂರಾಗೆ ಮನೆಗೊಂದು ತಿಪ್ಪೆ ಇತ್ತು. ಇಲ್ಲಿ ಬೀದಿಗೊಂದಾದ್ರೂ ಬ್ಯಾಡ್ವಾ?" ಎಂದರು. ಆ ಮಾತಿನಿಂದ ಕೆಲಸ ಮೊದಲಾಯಿತು. ಏಳು ಮನೆಯವರು ಒಪ್ಪಿದೆವು. ಒಬ್ಬರ ಖಾಲಿ ನಿವೇಶನದ ಮೂಲೆಯಲ್ಲಿ, ಅವರ ಒಪ್ಪಿಗೆಯಿಂದ ಎರಡು ಗುಂಡಿ ತೋಡಿದೆವು. ತರಕಾರಿಯ ಸಿಪ್ಪೆ, ಉದುರಿದ ಎಲೆ, ಪೂಜೆಯ ಹೂವು ಇವೆಲ್ಲ ಒಂದು ಗುಂಡಿಗೆ. ಮೇಲೆ ತೆಳುವಾಗಿ ಮಣ್ಣು. ಅದು ತುಂಬಿದ ಮೇಲೆ ಎರಡನೆಯದು. ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಗೊಬ್ಬರವಾಗಿರುತ್ತದೆ.

ಒಂದು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಗುಂಡಿಯಲ್ಲಿ ಹಾಲಿನ ಪ್ಲಾಸ್ಟಿಕ್ ಚೀಲಗಳೂ ಮುರಿದ ಬಾಟಲಿಯೂ ಕಾಣಿಸಿಕೊಂಡವು. ಯಾರು ಹಾಕಿದರೆಂದು ಗುಸುಗುಸು ಹುಟ್ಟಿತು. ಎರಡು ಮನೆಯವರು ಮಾತು ಬಿಟ್ಟರು. ಗುಂಡಿಯನ್ನು ಮುಚ್ಚಿಬಿಡೋಣವೆಂದು ಒಬ್ಬರು ಹೇಳಿದರು. ಏಳು ಮನೆಯ ಈ ಪುಟ್ಟ ಲೋಕದಲ್ಲಿ ಹಾರ್ಡಿನ್ನರ ಮಾತೇ ಗೆಲ್ಲುವಂತೆ ತೋರಿತು. ಆಗ ಅಜ್ಜಿಯೇ ದಾರಿ ಹೇಳಿದರು. "ಯಾರು ಹಾಕಿದ್ರು ಅಂತ ಕೇಳ್ಬ್ಯಾಡ್ರಿ. ವಾರಕ್ಕೊಂದು ಮನೆ ಗುಂಡಿ ಕೆದಕ್ಲಿ. ಗೊಬ್ಬರಾನ ಏಳು ಪಾಲು ಮಾಡಿ." ಅಷ್ಟೇ. ತಾನೇ ಕೈಹಾಕಿ ಕೆದಕಬೇಕಾದ ಗುಂಡಿಗೆ ಗಾಜಿನ ಚೂರನ್ನು ಯಾರು ತಾನೆ ಎಸೆಯುತ್ತಾರೆ? ಅಜ್ಜಿ ಆಸ್ಟ್ರಮ್ ಅವರ ಹೆಸರನ್ನು ಕೇಳಿದವರಲ್ಲ. ಪುರದ ಸುದ್ದಿಯೂ ಅವರಿಗೆ ಗೊತ್ತಿರಲಿಲ್ಲ. ಊರೊಟ್ಟಿನ ಕೆಲಸದ ಗುಟ್ಟು ಮಾತ್ರ ಅವರಿಗೆ ತಿಳಿದಿತ್ತು. ಮಾತು ಬಿಟ್ಟಿದ್ದ ಎರಡು ಮನೆಯವರು ಗೊಬ್ಬರ ಹಂಚುವ ದಿನ ಒಂದೇ ಬುಟ್ಟಿಯನ್ನು ಎರಡು ಕಡೆ ಹಿಡಿದು ಎತ್ತಿದರು. ಹಿತ್ತಲಿಲ್ಲದ ಮನೆಯೊಂದು ತನ್ನ ಪಾಲನ್ನು ಬೀದಿಬದಿಯ ಹೊಂಗೆಯ ಸಸಿಗೆ ಹಾಕಿತು.

ನೀರಿನ ಲೆಕ್ಕವನ್ನು ನಿಮಗೆ ಬಿಟ್ಟಿದ್ದೇನೆ. ಮೊದಲ ಸಾಲುಗಳನ್ನು ಮಾತ್ರ ಬರೆದುಕೊಡುತ್ತೇನೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುತ್ತದೆಂದು ಇಟ್ಟುಕೊಳ್ಳಿ. 100 ಚದರ ಮೀಟರಿನ ಒಂದು ಮಾಳಿಗೆಯ ಮೇಲೆ ಬೀಳುವ ನೀರು 60,000 ಲೀಟರು. ಐದು ಜನರ ಸಂಸಾರಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರು ಬೇಕೆಂದರೆ ವರ್ಷಕ್ಕೆ 9,125 ಲೀಟರು ಆಯಿತು. ಉಳಿದುದನ್ನು ನೀವೇ ಕಳೆದು ನೋಡಿ. ಇದು ಬರಿಯ ಕಾಗದದ ಲೆಕ್ಕವೂ ಅಲ್ಲ. ಬೆಂಗಳೂರಿನಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ಕಟ್ಟಿದ ತಮ್ಮ ಮನೆಯನ್ನು ಮಳೆನೀರಿನಿಂದಲೇ ನಡೆಸಿ ತೋರಿಸಿದರು. ಆ ನಗರದಲ್ಲಿ 2009ರಲ್ಲಿ ಮಳೆನೀರಿನ ಸಂಗ್ರಹವನ್ನು ಕಾನೂನೇ ಕಡ್ಡಾಯ ಮಾಡಿತು. ಕಾನೂನು ಕೊಳವೆಯನ್ನು ಹಾಕಿಸಬಲ್ಲದು. ಪ್ರತಿವರ್ಷ ಮುಂಗಾರಿಗೆ ಮೊದಲು ಮಾಳಿಗೆಯನ್ನು ಗುಡಿಸುವ ಕೈಗಳು ಮಾತ್ರ ಮನೆಯವೇ ಆಗಬೇಕು.

ಭೂಮಿಯ ಬಿಸಿ ಏರುತ್ತಿದೆ, ಅಂತರ್ಜಲ ಇಳಿಯುತ್ತಿದೆ ಎಂಬ ಮಾತುಗಳನ್ನು ನೀವು ದಿನವೂ ಕೇಳುತ್ತೀರಿ. ಅವು ನಿಜವಾದ ಮಾತುಗಳು. ಆದರೆ ಎಷ್ಟು ದೊಡ್ಡವೆಂದರೆ, ಕೇಳಿದವನು ಕೈಕಟ್ಟಿ ಕುಳಿತುಬಿಡುವ ಭಯವುಂಟು. ಪುರದ ಹೆಣ್ಣುಮಕ್ಕಳು ಜಗತ್ತನ್ನು ಉಳಿಸುತ್ತೇವೆಂದು ಹೊರಡಲಿಲ್ಲ. ಬೆಳಗ್ಗೆ ಎದ್ದು ಕೊಟ್ಟಿಗೆಯ ಸಗಣಿಯನ್ನು ಬುಟ್ಟಿಗೆ ತುಂಬಿ, ತೂಗಿಸಿ, ಲೆಕ್ಕ ಬರೆಸಿ ಬಂದರು. ಸಂಜೆ ಅವರ ಮನೆಯ ಮಕ್ಕಳು ಆ ಬೆಳಕಿನಲ್ಲಿ ಓದಲು ಕುಳಿತರು. ನಿಮ್ಮ ಬೀದಿಯಲ್ಲಿ ಅಂಥ ಬುಟ್ಟಿಯೊಂದು ಯಾವುದೆಂದು ಹುಡುಕುವ ಕೆಲಸ ನಿಮ್ಮದು. ಅದು ಶಾಲೆಯ ನಲ್ಲಿಯ ಕೆಳಗಿನ ಹೊಂಡವಾಗಿರಬಹುದು, ಬಿಸಿಯೂಟದ ಮೇಲೆ ಉಳಿದ ಸಿಪ್ಪೆಯ ರಾಶಿಯಾಗಿರಬಹುದು, ಹೂಳು ತುಂಬಿದ ಕಟ್ಟೆಯಾಗಿರಬಹುದು. ಹುಡುಕಿದ ಮೇಲೆ ಒಬ್ಬರೇ ಎತ್ತಲು ಹೋಗಬೇಡಿ. ಆ ಬುಟ್ಟಿಗೆ ಇನ್ನೊಂದು ಹಿಡಿಯಿದೆ, ನೆರೆಮನೆಯವರನ್ನೂ ಕರೆಯಿರಿ.